ಬಿದ್ದ ನಾಯಿಗೆ ಹತ್ತು ದಿನ ಕೊಡಿ

"ಅಣ್ಣೇರೇ, ನಾಯಿಗೆ ಎದ್ದು ನಿಲ್ಲಲಿಕ್ಕೆ ಆಗ್ತಾ ಇಲ್ಲ."

2025ರ ಜನವರಿ ಮೊದಲ ವಾರ. ಅಂಗಳ ತುಂಬ ಅಡಿಕೆ. ಬೆಳಗ್ಗೆ ಅಡಿಕೆ ಹರಡಲು ಬಂದ ಆಳು ಕೂಗಿ ಕರೆದಾಗ ನಾನು ಹಾಲು ಕರೆಯುತ್ತಿದ್ದೆ. ಹೋಗಿ ನೋಡಿದರೆ ನಮ್ಮ ದಾಸು ಮುಂಗಾಲೂರಿ ಹಿಂಗಾಲುಗಳನ್ನು ಎಳೆಯುತ್ತಿದ್ದಾನೆ. ಹಿಂದಿನ ಸಂಜೆಯಷ್ಟೇ ಮಂಗಗಳನ್ನು ಗುಡ್ಡೆಯ ತನಕ ಅಟ್ಟಿ ಬಂದವನು. ಮರುದಿನ ಮುಂಗಾಲೂ ಹೋಯಿತು. ಮೂರನೇ ದಿನಕ್ಕೆ ಕುತ್ತಿಗೆ ಎತ್ತಲಾಗದೆ ಮಲಗಿಬಿಟ್ಟ. ಬೊಗಳಲು ಬಾಯಿ ತೆರೆದರೆ ಬರೇ ಗಾಳಿ.

ಸುದ್ದಿ ತಿಳಿದು ನೆರೆಯ ಮಾವ ಬಂದರು. ದೂರದಿಂದಲೇ ನೋಡಿ, "ಇದು ಹುಚ್ಚೇ ಸೈ. ಬೊಗಳದ ಹುಚ್ಚು. ಮನೆಯಲ್ಲಿ ಮಗು ಉಂಟು. ಹೇಳಿದರೆ ಕೋವಿ ತರ್ತೇನೆ" ಎಂದರು.

ಅವರು ಕೆಟ್ಟವರಲ್ಲ. ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಮಂದಿ ಹೇಳುವುದು ಇದನ್ನೇ. 2009ರಲ್ಲಿ ನಾನೇ ಹೇಳಿದ್ದೆ. ನಮ್ಮ ಹಿಂದಿನ ನಾಯಿಯೂ ಹೀಗೆಯೇ ಒಂದು ಬೆಳಗ್ಗೆ ಏಳಲಾರದೆ ಬಿದ್ದಿತ್ತು. ಅದಕ್ಕೆ ಒಂದು ಸಲವೂ ಸೂಜಿ ಹಾಕಿಸಿರಲಿಲ್ಲ. ಸಂಜೆಯೊಳಗೆ ಕೋವಿ ಬಂತು. ಕೋವಿ ಹಿಡಿದವರು ಹತ್ತಿರ ಬರುವಾಗಲೂ ಅದು ಬಾಲ ಅಲ್ಲಾಡಿಸುತ್ತಿತ್ತು. ಅದು ಏನು ರೋಗ ಎಂದು ನಾವು ಯಾರೂ ಕೇಳಲಿಲ್ಲ. ತೆಂಗಿನ ಬುಡದಲ್ಲಿ ಹೂತು, ಮರುದಿನ ಕೊಯ್ಲಿಗೆ ಹೋದೆವು.

ಈ ಸಲ ಒಂದು ವ್ಯತ್ಯಾಸ ಇತ್ತು. ದಾಸುವಿನ ಹೆಸರಲ್ಲಿ ಒಂದು ಕಾರ್ಡ್ ಇತ್ತು. ಸೆಪ್ಟೆಂಬರ್ 28 ರೇಬಿಸ್ ದಿನ. ಲೂಯಿ ಪ್ಯಾಸ್ಟರ್ ತೀರಿಕೊಂಡ ದಿನವಂತೆ. ಆಗ ಪಶು ಆಸ್ಪತ್ರೆಯವರು ಉಚಿತವಾಗಿ ಸೂಜಿ ಹಾಕುತ್ತಾರೆ. ನಾನು ಮದ್ದು ಬಿಡಿಸುವ ಗಡಿಬಿಡಿಯಲ್ಲಿ ಬೇಡ ಎಂದಿದ್ದೆ. ಮನೆಯವಳೇ ರಿಕ್ಷಾ ಮಾಡಿ ಕರೆದುಕೊಂಡು ಹೋಗಿದ್ದಳು. ಆ ಕಾರ್ಡ್ ಇದ್ದದ್ದರಿಂದಲೇ ಮಾವನಿಗೆ "ಡಾಕ್ಟ್ರು ಬರಲಿ" ಎನ್ನುವ ಧೈರ್ಯ ನನಗೆ ಬಂದದ್ದು.

ಡಾಕ್ಟ್ರು ಬಂದರು. ಕಾರ್ಡ್ ನೋಡಿಯೂ ಅವರು ಕೈಗವಸು ಹಾಕದೆ ಮುಟ್ಟಲಿಲ್ಲ. ಇದನ್ನು ನೆನಪಿಡಬೇಕು. ಸೂಜಿ ಆದ ನಾಯಿಗೆ ಹುಚ್ಚು ಬರುವುದು ತೀರಾ ಅಪರೂಪ, ಬರುವುದೇ ಇಲ್ಲ ಎಂದಲ್ಲ. ಬೊಗಳದ ಹುಚ್ಚಿನಲ್ಲಿ ಸಾಧಾರಣವಾಗಿ ಕೆಳದವಡೆ ಜೋತುಬೀಳುತ್ತದೆ, ನೀರು ನುಂಗಲಾಗುವುದಿಲ್ಲ, ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಿ ಜೀವ ಕಳೆದುಕೊಂಡವರು ಇದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ದಾಸು ಆದರೋ ನೀರು ಕುಡಿಯುತ್ತಿದ್ದ. ಹೆಸರು ಕರೆದರೆ ಕಣ್ಣು ತಿರುಗಿಸುತ್ತಿದ್ದ. ಬೆರಳು ಚಿವುಟಿದರೆ ನೋವು ಗೊತ್ತಾಗುತ್ತಿತ್ತು, ಕಾಲು ಎಳೆದುಕೊಳ್ಳಲು ಮಾತ್ರ ಆಗುತ್ತಿರಲಿಲ್ಲ. ಬಾಲ ಆಡುತ್ತಿತ್ತು. ಡಾಕ್ಟ್ರು ಮೈಯೆಲ್ಲ ಉಣ್ಣಿ ಹುಡುಕಿದರು. ತೋಟಕ್ಕೆ ಏನು ವಿಷ ಹಾಕಿದ್ದೀರಿ ಎಂದು ಕೇಳಿದರು. ಬೇರುಹುಳಕ್ಕೆ ಹಾಕುವ ಕೀಟನಾಶಕ ಹೊಟ್ಟೆಗೆ ಹೋದರೆ ಜೊಲ್ಲು, ನಡುಕ, ವಾಂತಿ, ಭೇದಿ ಇರುತ್ತದೆ. (ಫೊರೇಟ್ ಮಾರಾಟ 2020ರ ಕೊನೆಗೇ ನಿಂತಿದೆ. ಆದರೂ ಅಟ್ಟದಲ್ಲಿ ಹಳೆ ಪೊಟ್ಟಣ ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆಯೇನಲ್ಲ.) ಕಟ್ಟುಹಾವು ಕಚ್ಚಿದರೂ ರಾತ್ರಿ ಬೆಳಗಾಗುವುದರಲ್ಲಿ ನಾಯಿ ಹೀಗೆ ಬೀಳುತ್ತದೆ, ಕಚ್ಚಿದ ಗುರುತೂ ಕಾಣುವುದಿಲ್ಲ. ಅದಾದರೆ ಗಂಟೆಗಳ ಲೆಕ್ಕ. ಆದ್ದರಿಂದ ನಾನು ಹತ್ತು ದಿನ ಕಾಯಿರಿ ಎಂದು ಹೇಳುವುದು ಕೊಲ್ಲುವ ವಿಷಯಕ್ಕೆ ಮಾತ್ರ. ಡಾಕ್ಟ್ರನ್ನು ಕರೆಯುವುದಕ್ಕೆ ಒಂದು ದಿನವೂ ಕಾಯಬಾರದು. ನಾನು ಮೂರು ದಿನ ತಡ ಮಾಡಿದ್ದೆ, ಬೈಗುಳವೂ ಸಿಕ್ಕಿತು.

ಇವೆಲ್ಲ ಅಲ್ಲ ಎಂದಾದ ಮೇಲೆ ಅವರು ಹೇಳಿದ ಹೆಸರು ಅಕ್ಯೂಟ್ ಪಾಲಿರಾಡಿಕ್ಯುಲೋನ್ಯೂರೈಟಿಸ್. ನಾಯಿಗಿಂತ ಉದ್ದ! ಬೆನ್ನುಹುರಿಯಿಂದ ಹೊರಡುವ ನರಗಳ ಬುಡವನ್ನು ಮೈಯ ರಕ್ಷಣಾ ಶಕ್ತಿಯೇ ತಪ್ಪಿ ಹಾಳುಮಾಡುವ ರೋಗ. ಕಾವಲಿಗೆ ಇಟ್ಟ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಹಿಂಗಾಲಿನಿಂದ ಶುರುವಾಗಿ ಮೇಲೆ ಏರುತ್ತದೆ. ಹತ್ತು ದಿನದೊಳಗೆ ಏರುವಷ್ಟು ಏರಿ ನಿಲ್ಲುತ್ತದೆ. ಉಸಿರಾಟದ ಸ್ನಾಯುಗಳಿಗೆ ಹೋದರೆ ನಾಯಿ ಸಾಯುತ್ತದೆ. ಹೋಗದಿದ್ದರೆ ಹೆಚ್ಚಿನವು ವಾರಗಳಲ್ಲೋ ತಿಂಗಳುಗಳಲ್ಲೋ ತಾವಾಗಿಯೇ ಎದ್ದು ನಿಲ್ಲುತ್ತವೆ.

"ಮದ್ದು?" ಎಂದೆ.

"ಮದ್ದಿಲ್ಲ. ಸ್ಟೀರಾಯ್ಡ್ ಕೊಟ್ಟು ಪ್ರಯೋಜನ ಕಾಣುವುದಿಲ್ಲ. ಚಾಕರಿಯೇ ಮದ್ದು."

ಮದ್ದು ಕೊಡದ ಡಾಕ್ಟ್ರಿಗೆ ಫೀಸು ಕೊಟ್ಟು ನಮಗೆ ರೂಢಿಯಿಲ್ಲ. ಒಂದು ಸೂಜಿಯಾದರೂ ಹಾಕಿ ಎಂದು ಬಾಯಿಯ ತನಕ ಬಂದಿತ್ತು. ಸುಳ್ಳು ಸೂಜಿ ಹಾಕದೆ ಹೋದ ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಆಮೇಲೆ.

ಹುಚ್ಚು ಅಲ್ಲ ಎಂದು ಅವರಿಗೆ ಹೆಚ್ಚುಕಡಿಮೆ ಖಾತ್ರಿ ಇತ್ತು. ಆದರೂ ಹತ್ತು ದಿನ ಮಗುವನ್ನು ಹತ್ತಿರ ಬಿಡಬೇಡಿ, ಒಬ್ಬರೇ ಚಾಕರಿ ಮಾಡಿ ಎಂದರು. ಹುಚ್ಚು ಹಿಡಿದು ಬಿದ್ದ ನಾಯಿ ಹತ್ತು ದಿನ ದಾಟುವುದಿಲ್ಲ. ನನ್ನ ಬೆರಳಲ್ಲಿ ಅಡಿಕೆ ಸುಲಿದ ಗಾಯ ಇತ್ತು, ಅದಕ್ಕೆ ಜೊಲ್ಲು ತಾಗಿತ್ತು. ಹದಿನೈದು ನಿಮಿಷ ಸಾಬೂನು ಹಾಕಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋದೆ. ಗಾಯಕ್ಕೇ ಚುಚ್ಚುವ ಸೂಜಿ ಒಂದು, ಮತ್ತೆ ತೋಳಿಗೆ 0, 3, 7, 28ನೇ ದಿನ. ನಾಯಿ ಬದುಕಿದರೂ ನಾಲ್ಕನ್ನೂ ಬಿಡದೆ ಮುಗಿಸಿದೆ. ಅದರಲ್ಲಿ ರಿಸ್ಕ್ ತೆಗೆದುಕೊಳ್ಳುವ ಮಾತೇ ಇಲ್ಲ.

ಇನ್ನು ಚಾಕರಿ. ಕೊಟ್ಟಿಗೆಯ ಬದಿಯಲ್ಲಿ ದಪ್ಪಕ್ಕೆ ಬೈಹುಲ್ಲು, ಮೇಲೆ ಗೋಣಿ. ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಇಲ್ಲದಿದ್ದರೆ ಸೊಂಟದ ಎಲುಬಿನ ಮೇಲೆ ಹುಣ್ಣಾಗುತ್ತದೆ. ಒಂದು ರಾತ್ರಿ ನಾನು ನಿದ್ದೆಹೋದೆ, ಒಂದು ಹುಣ್ಣು ಆಗಿಯೇಬಿಟ್ಟಿತು. ಮಲಗಿದಲ್ಲೇ ತಿನ್ನಿಸಿದರೆ ಅನ್ನ ಶ್ವಾಸಕೋಶಕ್ಕೆ ಹೋದೀತು. ಎರಡು ಅಡಿಕೆ ಗೋಣಿಯ ನಡುವೆ ಎದೆ ಎತ್ತರಿಸಿ ಕೂರಿಸಿ ಗಂಜಿ ಕೊಡುವುದು. ಹೊಟ್ಟೆಯ ಅಡಿಗೆ ಬೈರಾಸು ಕಟ್ಟಿ ಎತ್ತಿ ಹಿಡಿದರೆ ಮೂತ್ರ ಮಾಡುತ್ತಿದ್ದ. ಮಲಗಿದಲ್ಲಿ ಒಮ್ಮೆಯೂ ಮಾಡಲಿಲ್ಲ. ದಿನಕ್ಕೆ ಮೂರು ಸಲ ಕಾಲುಗಳನ್ನು ಮಡಚಿ ಬಿಡಿಸಿ ತಿಕ್ಕುವುದು. ತೊಡೆ ಕಣ್ಣೆದುರೇ ಕರಗಿ ಕೋಲಿನ ಹಾಗಾಯಿತು. ಮೊಟ್ಟೆ ಕೊಡಿ ಎಂದಿದ್ದರು. ನಮ್ಮ ಹಿತ್ತಿಲಿಗೆ ಮೊಟ್ಟೆ ಬಂದದ್ದು ಅದೇ ಮೊದಲು. ಕಟ್ಟಿಗೆಯ ಒಲೆಯಲ್ಲಿ ಆಳೇ ಬೇಯಿಸುತ್ತಿದ್ದ. ಅಮ್ಮ ನೋಡಿಯೂ ನೋಡದ ಹಾಗೆ ಒಳಗೆ ಹೋಗುತ್ತಿದ್ದರು. ಬಿಸಿ ಕಬ್ಬಿಣದಲ್ಲಿ ಬರೆ ಹಾಕಿ ಎಂದು ಹೇಳಿದವರು ಮೂವರು. ನೋವು ಗೊತ್ತಾಗುವ ಪ್ರಾಣಿ, ಓಡಲಾಗದ ಪ್ರಾಣಿ. ಬರೆ ಹಾಕುವುದಕ್ಕಿಂತ ಕೋವಿಯೇ ವಾಸಿ.

ದಾಸು ಹೀಗೆ ಮಲಗಿದ್ದಾಗಲೇ ಪೇಪರಿನಲ್ಲಿ ಪುಣೆಯ ಸುದ್ದಿ ಬರಲು ಶುರುವಾಯಿತು. ಜನ ಇದ್ದಕ್ಕಿದ್ದ ಹಾಗೆ ಕೈಕಾಲು ಸೋತು ಆಸ್ಪತ್ರೆ ಸೇರುತ್ತಿದ್ದರು. ಗಿಲೆನ್ ಬಾರೆ ಸಿಂಡ್ರೋಮ್, ಜಿ.ಬಿ.ಎಸ್. ಸಂಶಯದ ಪ್ರಕರಣಗಳು ಇನ್ನೂರು ದಾಟಿದವು. ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಡಾಕ್ಟ್ರಿಗೆ ಫೋನ್ ಮಾಡಿದರೆ, "ಅದೇ ಜಾತಿಯ ರೋಗ, ನಾಯಿಗೆ ಬಂದದ್ದು" ಎಂದರು. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾನಿಲಯದವರು ಈ ರೋಗದ 27 ನಾಯಿಗಳನ್ನೂ ಈ ರೋಗ ಇಲ್ಲದ 47 ನಾಯಿಗಳನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿದ್ದಾರೆ. ಬಿದ್ದ ನಾಯಿಗಳಲ್ಲಿ ಈ ಬ್ಯಾಕ್ಟೀರಿಯಾ ಇರುವ ಸಂಭವ 9.4 ಪಟ್ಟು ಹೆಚ್ಚು. ಅವರ ಬೆರಳು ಹೋದದ್ದು ಹಸಿ ಕೋಳಿಮಾಂಸದ ಕಡೆಗೆ.

ನಮ್ಮದು ಅನ್ನ ಮಜ್ಜಿಗೆಯ ಮನೆ. ದಾಸುವಿಗೆ ಹಸಿ ಕೋಳಿ ಎಲ್ಲಿಂದ? ಮೇಲಿನ ರಸ್ತೆಯ ಮೋರಿಯಿಂದ! ವಾರಕ್ಕೆರಡು ಸಲ ಯಾರೋ ರಾತ್ರಿ ಬಂದು ಕೋಳಿಯ ತಲೆ, ಕಾಲು, ಕರುಳು ತುಂಬಿದ ಪ್ಲಾಸ್ಟಿಕ್ ಚೀಲ ಎಸೆದು ಹೋಗುತ್ತಾರೆ. ಊರಿನ ನಾಯಿಗಳಿಗೆಲ್ಲ ಅಲ್ಲೇ ಊಟ. ದಾಸು ಬಿದ್ದದ್ದು ಅದರಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಆ ಮೋರಿಯ ನೀರು ಇಳಿಯುವುದು ನಮ್ಮ ಕೆರೆಗೆ. ನಾಯಿಗೆ ಹಾಕುವವರು ಬೇಯಿಸಿ ಹಾಕಲಿ, ಬೆಂದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. ಎಸೆಯುವವರನ್ನು ಹಿಡಿಯಬೇಕಾದ್ದು ಪಂಚಾಯತು. ಎರಡು ಸಲ ಬರೆದುಕೊಟ್ಟಿದ್ದೇನೆ.

ಮನುಷ್ಯರಿಗೇ ದಿಕ್ಕಿಲ್ಲದ ಕಾಲದಲ್ಲಿ ನಾಯಿಗೆ ಎರಡು ತಿಂಗಳು ಚಾಕರಿಯೋ ಎಂದು ಕೇಳಿದವರು ಇದ್ದಾರೆ. ಪ್ರಶ್ನೆ ಸರಿಯೇ. ಎಲ್ಲರಿಗೂ ಆಗುವ ಕೆಲಸ ಇದಲ್ಲ. ಉಸಿರು ಸೋಲತೊಡಗಿದರೆ, ಅಥವಾ ಮಾಡುವವರೇ ಇಲ್ಲದಿದ್ದರೆ, ಡಾಕ್ಟ್ರಿಂದ ನೋವಿಲ್ಲದೆ ಮುಗಿಸುವುದನ್ನು ನಾನು ತಪ್ಪೆನ್ನಲಾರೆ. ಆದರೆ ಲೆಕ್ಕವನ್ನೇ ಹಾಕುವುದಾದರೆ ಪೂರ್ತಿ ಹಾಕಿ. ನಾಯಿ ಬಿದ್ದ ಎಂಟನೇ ದಿನಕ್ಕೆ ಮಂಗಗಳು ಅಂಗಳಕ್ಕೆ ಇಳಿದವು. ಕೊಕ್ಕೋ ಒಂದು ಕಾಯಿ ಉಳಿಯಲಿಲ್ಲ, ಎರಡು ಗೊನೆ ಬಾಳೆ ಹೋಯಿತು. ದನಕ್ಕೆ, ಪಂಪಿಗೆ, ಸ್ಪ್ರೇಯರಿಗೆ ಖರ್ಚು ಬರೆಯುವ ನಮ್ಮ ಪುಸ್ತಕದಲ್ಲಿ ನಾಯಿಗೆ ಒಂದು ಸಾಲೂ ಇಲ್ಲ.

ಸೂಜಿ ಹಾಕಿಸದವನಿಗೆ ಕಾಯುವ ಧೈರ್ಯ ಬರುವುದಿಲ್ಲ. 2009ರಲ್ಲಿ ನನಗೆ ಬರಲಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಹತ್ತು ದಿನ ಇಡಬಹುದಿತ್ತು ಎಂದು ಈಗ ಅನಿಸುತ್ತದೆ. ಹಾಲಿನ ಸೊಸೈಟಿಗಳು ಇದನ್ನು ಕೈಗೆತ್ತಿಕೊಂಡರೆ ಕೆಲಸ ಸುಲಭ. ಬೆಳಗ್ಗೆ ಹಾಲು ತರುವಾಗ ವರ್ಷಕ್ಕೊಂದು ದಿನ ನಾಯಿಯನ್ನೂ ಸಂಕೋಲೆ ಹಾಕಿ ತಂದರಾಯಿತು, ಡಾಕ್ಟ್ರು ಅಲ್ಲಿಗೇ ಬರಲಿ. ನಮ್ಮ ಸೊಸೈಟಿಯ ಮಹಾಸಭೆಯಲ್ಲಿ ಹೇಳಿದೆ. ಕೆಲವರು ನಗಾಡಿದರು, ಅಧ್ಯಕ್ಷರು ನಗಲಿಲ್ಲ.

ದಾಸು 23ನೇ ದಿನ ತಲೆ ಎತ್ತಿದ. 38ನೇ ದಿನ ಗೋಡೆಗೆ ಒರಗಿ ನಿಂತ. ಶಿವರಾತ್ರಿ ಕಳೆದ ಮೇಲೆ ಕುಡುಕನ ಹಾಗೆ ನಾಲ್ಕು ಹೆಜ್ಜೆ. ವಿಷುವಿನ ಹೊತ್ತಿಗೆ ಬೊಗಳಿದ, ಸ್ವರ ಇನ್ನೂ ಸ್ವಲ್ಪ ಗೊಗ್ಗರು. ಮಂಗಗಳಿಗೆ ಅದು ಗೊತ್ತಾದಂತಿಲ್ಲ. ಸೊಂಟದ ಹುಣ್ಣು ಮಾತ್ರ ಮಾಯಲು ತುಂಬ ಸತಾಯಿಸಿತು. ನಿಮ್ಮಲ್ಲಿ ಯಾರಾದರೂ ಮಲಗಿದ ನಾಯಿಯನ್ನೋ ದನವನ್ನೋ ಹುಣ್ಣಾಗದ ಹಾಗೆ ನೋಡಿಕೊಂಡಿದ್ದರೆ, ಅಡಿಗೆ ಏನು ಹಾಸಿದಿರಿ ಎಂದು ಪತ್ರಿಕೆಗೆ ಬರೆಯಿರಿ.