ವಾರ್ಡಿನ ಒಂದು ನಿಮಿಷ

ಹೋದ ತಿಂಗಳು ವರ್ಕ್ ಫ್ರಮ್ ಹೋಮ್ ನೆಪದಲ್ಲಿ ಚನ್ನಗಿರಿಯ ಮನೆಗೆ ಹೋಗಿದ್ದೆ. ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿರುವ ಚಿಕ್ಕಪ್ಪನ ಮಗಳೂ ಬಂದಿದ್ದಳು. ರಾತ್ರಿ ಊಟ ಆದ್ಮೇಲೆ ಅವಳು ಕ್ಲಿನಿಕಲ್ ಪೋಸ್ಟಿಂಗ್‌ನ ಲಾಗ್ ಬುಕ್ ಬರೀತಾ ಕೂತಿದ್ದಳು. ಇಣುಕಿ ನೋಡಿದೆ. ‘ಮಗು ಹುಟ್ಟಿ ಒಂದು ನಿಮಿಷದ ನಂತರ ಹೊಕ್ಕುಳಬಳ್ಳಿಗೆ ಕ್ಲ್ಯಾಂಪ್ ಹಾಕಲಾಯಿತು’ ಎಂದಿತ್ತು.

"ಅಷ್ಟು ಹೊತ್ತು ಕಾಯ್ತೀರಾ?" ಅಂದೆ.

"ಪುಸ್ತಕದಲ್ಲಿ ಕಾಯ್ತೀವಿ ಅಣ್ಣ. ವಾರ್ಡಲ್ಲಿ ಮೇಡಂ ಬೇಗ ಬೇಗ ಅಂತಾರೆ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಆ ಒಂದು ನಿಮಿಷದಲ್ಲಿ ಮಾಸಿನಲ್ಲಿರುವ ರಕ್ತ ಮಗುವಿಗೆ ಹರಿಯುತ್ತೆ, ಜೊತೆಗೆ ಕಬ್ಬಿಣಾಂಶವೂ. ಹುಟ್ಟಿದ ಕೂಡಲೇ ಉಸಿರಾಟಕ್ಕೆ ನೆರವು ಬೇಕಿಲ್ಲದ ಮಗುವಿಗೆ ಕನಿಷ್ಠ ಒಂದು ನಿಮಿಷ ಕಾಯಿರಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2013ರಲ್ಲಿ ಕಾಕ್ರೇನ್ ಸಂಸ್ಥೆ 15 ಪ್ರಯೋಗಗಳನ್ನು, ಒಟ್ಟು 3,911 ತಾಯಿ-ಮಕ್ಕಳ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿತು. ಬೇಗ ಕ್ಲ್ಯಾಂಪ್ ಹಾಕಿದ ಮಕ್ಕಳಲ್ಲಿ 3ರಿಂದ 6 ತಿಂಗಳ ಹೊತ್ತಿಗೆ ಕಬ್ಬಿಣದ ಕೊರತೆಯ ಸಾಧ್ಯತೆ ದುಪ್ಪಟ್ಟಿಗೂ ಹೆಚ್ಚಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇದೆ. ಒಂದು ನಿಮಿಷ ಕಾಯೋಕೆ ಖರ್ಚು ಎಷ್ಟು? ಸೊನ್ನೆ.

ಹಾಗಾದ್ರೆ ಮೇಡಂ ಯಾಕೆ ಕಾಯಲ್ಲ? ತಂಗಿ ಒಮ್ಮೆ ಕೇಳಿದ್ದಳಂತೆ. "ಕಾಮಾಲೆ ಜಾಸ್ತಿಯಾಗುತ್ತೆ. ಇಷ್ಟು ವರ್ಷದಿಂದ ನೋಡ್ತಿದೀನಿ," ಅಂದರಂತೆ.

ಇದು ಸುಳ್ಳಲ್ಲ ಕಣ್ರೀ. ಕಾದು ಕ್ಲ್ಯಾಂಪ್ ಹಾಕಿದ ಮಕ್ಕಳಲ್ಲಿ ಕಾಮಾಲೆಗೆ ಬೆಳಕಿನ ಚಿಕಿತ್ಸೆ ಬೇಕಾದವರು ಸ್ವಲ್ಪ ಹೆಚ್ಚು ಅಂತ ಅದೇ ವರದಿ ಹೇಳುತ್ತೆ. ಆ ಚಿಕಿತ್ಸೆ ಸಿಗುವ ಕಡೆ ಕಾಯುವುದೇ ಒಳ್ಳೇದು ಅಂತಲೂ ಹೇಳುತ್ತೆ.

ಆಗ ನನಗೆ ಒಂದು ವಿಷಯ ಹೊಳೀತು. ಕಾಮಾಲೆ ಎರಡು ಮೂರು ದಿನದಲ್ಲಿ ಮೇಡಂ ಕಣ್ಣೆದುರೇ ಕಾಣುತ್ತೆ. ಕಬ್ಬಿಣದ ಕೊರತೆ ಕಾಣೋದು ತಿಂಗಳುಗಳ ಮೇಲೆ, ಯಾವುದೋ ಹಳ್ಳಿಯ ಮನೆಯಲ್ಲಿ. ಆ ಮಗು ಹೆರಿಗೆ ವಾರ್ಡಿಗೆ ವಾಪಸ್ ಬರಲ್ಲ. ನಾವು ಬರೆದ ಕೋಡ್‌ನಲ್ಲಿ ಬಗ್ ಇದ್ರೆ ಟಿಕೆಟ್ ನಮ್ಮ ಹತ್ರಾನೇ ಬರುತ್ತೆ. ವಾರ್ಡಿಗೆ ಆ ಟಿಕೆಟ್ ಬರಲ್ಲ. ಅನುಭವಕ್ಕೆ ಕಾಣದ್ದನ್ನು ತೋರಿಸೋಕೇ ಸಂಶೋಧನೆ ಇರೋದು. ಪುರಾವೆ ಆಧಾರಿತ ಚಿಕಿತ್ಸೆ ಅಂದರೇನು ಅಂತ 1996ರಲ್ಲಿ ವಿವರಿಸಿದ ಡೇವಿಡ್ ಸ್ಯಾಕೆಟ್ ಕೂಡ ಅನುಭವವನ್ನು ಬಿಸಾಕಿ ಅನ್ನಲಿಲ್ಲ, ಸಂಶೋಧನೆಯ ಜೊತೆ ಸೇರಿಸಿಕೊಳ್ಳಿ ಅಂದರು.

ಆದರೆ ವಿದ್ಯಾರ್ಥಿ ಏನು ಮಾಡಬೇಕು? ಲಾಗ್ ಬುಕ್ ಸಹಿ ಮೇಡಂ ಕೈಲಿ, ಇಂಟರ್ನಲ್ ಮಾರ್ಕ್ಸೂ ಅವರ ಕೈಲಿ. ತಂಗಿಯ ಗೆಳತಿಯರ ಬ್ಯಾಚ್‌ಗೆ ಸಿಕ್ಕ ಇನ್ನೊಬ್ಬ ಟ್ಯೂಟರ್ ಮೊಬೈಲ್‌ನಲ್ಲಿ ಟೈಮರ್ ಇಟ್ಟು ಕಾಯಿಸುತ್ತಾರಂತೆ. ಅವರ ಬ್ಯಾಚ್‌ನಲ್ಲಿ ಎಲ್ಲರೂ ಕಾಯ್ತಾರೆ. ಅದೇ ಪುಸ್ತಕ, ಅದೇ ಸಿಲಬಸ್, ಎರಡು ಅಭ್ಯಾಸ. ಈ ಹುಡುಗಿಯರು ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರು. ನಾಳೆ ಕೆಲಸ ಸಿಕ್ಕಿ ತಮ್ಮೂರಿಗೇ ಹೋದರೆ, ಅಲ್ಲಿ ಹುಟ್ಟೋ ಮಗುವಿಗೆ ಆ ಒಂದು ನಿಮಿಷ ಸಿಗುತ್ತಾ ಅನ್ನೋದು ಇವತ್ತು ಅವರಿಗೆ ಯಾವ ಟ್ಯೂಟರ್ ಸಿಕ್ಕರು ಅನ್ನೋದರ ಮೇಲಿದೆ.

ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೂ ಸೀನಿಯರ್ ಹೇಳಿದ್ದನ್ನೇ ವೇದವಾಕ್ಯ ಅಂದುಕೊಂಡವನು. ಹಾಗಾಗಿ ತಂಗಿಗೆ ಜಗಳ ಆಡು ಅನ್ನಲಿಲ್ಲ. "ನೀವು ತಪ್ಪು ಅನ್ಬೇಡ. ಮಗು ಚೆನ್ನಾಗಿ ಅತ್ತರೆ ಟೈಮರ್ ಇಟ್ಟು ನೋಡೋಣ್ವಾ ಮೇಡಂ ಅಂತ ಕೇಳು," ಅಂದೆ. ನಿಮ್ಮ ಮನೇಲೂ ಹೆರಿಗೆ ಹತ್ತಿರ ಇದ್ದರೆ ಡಾಕ್ಟರ್ ಹತ್ರ ಇದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೇಳೋದು ಅವಮರ್ಯಾದೆ ಅಲ್ಲ.

ಮೊನ್ನೆ ಅವಳ ಮೆಸೇಜ್ ಬಂತು: "42 ಸೆಕೆಂಡ್ ಕಾದ್ರು ಅಣ್ಣ."

"ಲಾಗ್ ಬುಕ್‌ನಲ್ಲಿ ಏನು ಬರೆದೆ?"

"42 ಅಂತಾನೇ. ಮೇಡಂ ಓದಿ ಸೈನ್ ಮಾಡಿದ್ರು."