ಎದೆಯ ಮೇಲಿನ ಗೆರೆ ಯಾರದು?

ಕಳೆದ ರಾಜ್ಯೋತ್ಸವದ ಮುಂಜಾನೆ ಬೆಂಗಳೂರಿನ ಗಾಂಧಿಬಜಾರಿನಲ್ಲಿ ಹೂವಿನಂಗಡಿಗಳ ಸಾಲನ್ನು ದಾಟಿ ಬರುತ್ತಿದ್ದೆ. ಎದುರಿಗೆ ಐದಾರು ಮಂದಿ ತರುಣರು ಬಂದರು. ಎಲ್ಲರೂ ಹಳದಿಯ ಟೀ ಶರ್ಟು ತೊಟ್ಟಿದ್ದರು; ಎಲ್ಲರ ಎದೆಯ ಮೇಲೂ ಕೆಂಪು ಗೆರೆಗಳಲ್ಲಿ ಮೂಡಿದ ಯಕ್ಷಗಾನದ ವೇಷಧಾರಿಯ ಮುಖ. ಕಿರೀಟದ ಅಂಚಿನಲ್ಲಿ ಗೆರೆ ದಪ್ಪಗಾಗಿ, ಕೆನ್ನೆಯ ಬಳಿ ಉಸಿರು ಹಿಡಿದಂತೆ ಸಣ್ಣದಾಗಿ, ಗಲ್ಲದಲ್ಲಿ ತಟ್ಟನೆ ನಿಂತಿತ್ತು. ಆ ನಿಲುಗಡೆಯನ್ನು ಕಂಡೊಡನೆ ಅದು ಯಾರ ಕೈ ಎಂಬುದು ನನಗೆ ತಿಳಿಯಿತು. ನನ್ನ ಬಳಿ ಕೆಲಕಾಲ ಓದಿದ ಹುಡುಗನೊಬ್ಬನ ಕೈ ಅದು.

ಎರಡು ವರ್ಷದ ಹಿಂದೆ ಒಂದು ಕಾಲೇಜಿನ ಉತ್ಸವಕ್ಕಾಗಿ ಆತ ಆ ಚಿತ್ರವನ್ನು ಬರೆದುಕೊಟ್ಟಿದ್ದ. ನೂರು ಅಂಗಿಗಳಿಗೆಂದು ಮಾತು, ಎರಡೂವರೆ ಸಾವಿರ ರೂಪಾಯಿ ಸಂಭಾವನೆ, ಕಾಗದಪತ್ರವೇನೂ ಇಲ್ಲ. ತರುಣರನ್ನು ವಿಚಾರಿಸಿದೆ. ಅಂಗಿಯನ್ನು ಅಂಗಡಿಯಲ್ಲಿ ಕೊಂಡರಂತೆ, ಬೇಕಾದಷ್ಟು ಇವೆಯಂತೆ. ಅಚ್ಚು ಹಾಕಿದವನ ಬಳಿ ಉಳಿದ ಚೌಕಟ್ಟು ಸುಮ್ಮನೆ ಕುಳಿತಿರಲಿಲ್ಲವೆಂದು ತೋರುತ್ತದೆ. ಮನೆಗೆ ಬಂದು ಹುಡುಗನಿಗೆ ಫೋನು ಮಾಡಿದೆ. ಅವನು ಮೊದಲು ಕೇಳಿದ ಪ್ರಶ್ನೆ ಇದು: “ಎಷ್ಟು ಬಣ್ಣದಲ್ಲಿ ಅಚ್ಚು ಹಾಕಿದ್ದಾರೆ, ಸಾರ್?” ಒಂದೇ ಬಣ್ಣ ಎಂದೆ. “ನಾನು ಎರಡು ಬಣ್ಣಕ್ಕೆ ಬರೆದಿದ್ದೆ. ಕಣ್ಣಿನ ಕಪ್ಪು ಹೋಯಿತಲ್ಲ,” ಎಂದು ನೊಂದುಕೊಂಡ. ಹಣದ ಮಾತು ಆಮೇಲೆ ಬಂತು. ಅದೂ ನಾನೇ ಎತ್ತಿದ ಮೇಲೆ.

ನನ್ನ ಬಾಲ್ಯದಲ್ಲಿ ಇಂಥ ಉಡುಪನ್ನು ಬನಿಯನ್ನು ಎನ್ನುತ್ತಿದ್ದರು. ಅದು ಅಂಗಿಯ ಒಳಗೆ ಇರಬೇಕಾದದ್ದು. ಹೊರಗೆ ಕಂಡರೆ ಹಿರಿಯರು ಗದರುತ್ತಿದ್ದರು. ಇಂದು ಅದು ಹೊರಬಂದು ಮೆರೆಯುತ್ತಿದೆ, ಮಾತಾಡುತ್ತಿದೆ. ತೊಟ್ಟವನ ಊರು, ಭಾಷೆ, ಮೆಚ್ಚಿನ ನಟ, ಪಕ್ಷ, ವಿನೋದ ಎಲ್ಲವನ್ನೂ ಸಾರುತ್ತಿದೆ. ಬಟ್ಟೆ ತಿರುಪ್ಪೂರಿನದಿರಬಹುದು, ಮಾತು ಮಾತ್ರ ಚಿತ್ರ ಬರೆದವನದು. ಆತನ ಹೆಸರು ಕೊರಳಪಟ್ಟಿಯ ಚೀಟಿಯಲ್ಲಿ ಕೂಡ ಇರುವುದಿಲ್ಲ. ನೂಲು ಯಾವುದು, ಎಷ್ಟು ಬಿಸಿಯ ನೀರಿನಲ್ಲಿ ಒಗೆಯಬೇಕು ಎಂಬುದಕ್ಕೆ ಅಲ್ಲಿ ಸ್ಥಳವುಂಟು.

ಕಾಗದದ ಮೇಲೆ ಬರೆಯುವುದೇ ಒಂದು ವಿದ್ಯೆ, ಬಟ್ಟೆಗಾಗಿ ಬರೆಯುವುದೇ ಇನ್ನೊಂದು. ಜಾಲರಿಯಚ್ಚಿನಲ್ಲಿ, ಎಂದರೆ ಸ್ಕ್ರೀನ್ ಪ್ರಿಂಟಿಂಗಿನಲ್ಲಿ, ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು ಬೇಕು. ಆದುದರಿಂದ ಚಿತ್ರಕಾರನು ತನ್ನ ಚಿತ್ರವನ್ನು ಮನಸ್ಸಿನಲ್ಲೇ ಪದರಪದರವಾಗಿ ಬಿಡಿಸಿಕೊಳ್ಳಬೇಕು. ಕೂದಲೆಳೆಯಂಥ ಗೆರೆಯನ್ನು ಜಾಲರಿ ಹಿಡಿಯದು. ತೀರ ಹತ್ತಿರದ ಎರಡು ಗೆರೆಗಳು ಶಾಯಿಯಲ್ಲಿ ಕೂಡಿಹೋಗುತ್ತವೆ. ಬಟ್ಟೆ ಕಪ್ಪಾಗಿದ್ದರೆ ಬಣ್ಣಗಳ ಕೆಳಗೆ ಬಿಳಿಯ ಹಾಸೊಂದು ಬೇಕು, ಇಲ್ಲವಾದರೆ ಕೆಂಪು ಕಂದಾಗುತ್ತದೆ. ಇದಲ್ಲದೆ ಹೆಣೆದ ಬಟ್ಟೆ ಹಿಗ್ಗುವ ವಸ್ತು. ಮೇಜಿನ ಮೇಲೆ ಗಂಭೀರವಾಗಿದ್ದ ಮುಖ ಸ್ಥೂಲಕಾಯದವರ ಹೊಟ್ಟೆಯ ಮೇಲೆ ನಗತೊಡಗಬಾರದು! ಇಷ್ಟನ್ನೂ ಎಣಿಸಿ ಹದಿನೈದು ಇಪ್ಪತ್ತು ಕರಡು ಹರಿದೆಸೆದ ಮೇಲೆ ಉಳಿಯುವ ಹಾಳೆ ಅದು. ಅದನ್ನು ಕೊಳ್ಳುವವನು “ನಾಲ್ಕು ಗೆರೆಗೆ ಇಷ್ಟೇ?” ಎಂದು ಕೇಳುವುದುಂಟು. ಆ ನಾಲ್ಕೇ ಗೆರೆಗೆ ಇಳಿಸಿದ್ದಕ್ಕೆ ತಾನು ಹಣ ಕೊಡುತ್ತಿರುವುದೆಂದು ಅವನಿಗೆ ತೋಚುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಎಂಬ ಗಾಯಕ ತಂಡದ ತುಟಿ ನಾಲಗೆಯ ಲಾಂಛನವನ್ನು ಕಾಣದವರು ವಿರಳ. 1970ರಲ್ಲಿ ಅದನ್ನು ಬರೆದವನು ಜಾನ್ ಪಾಶ್, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ವಿದ್ಯಾರ್ಥಿ. ಗಾಯಕ ಮಿಕ್ ಜ್ಯಾಗರ್ ಅವನಿಗೆ ಮಾದರಿಯಾಗಿ ತೋರಿಸಿದ್ದು ನಮ್ಮ ಕಾಳಿಯ ಚಿತ್ರವನ್ನು! ಪಾಶ್‌ಗೆ ದೊರೆತದ್ದು 50 ಪೌಂಡು. ಸ್ವಲ್ಪ ಕಾಲದ ಮೇಲೆ ಮೆಚ್ಚುಗೆಯಾಗಿ ಇನ್ನು 200 ಪೌಂಡು. 2008ರಲ್ಲಿ ಆ ಮೂಲಚಿತ್ರವನ್ನು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ 50,000 ಪೌಂಡಿಗೂ ಮಿಗಿಲಾದ ಬೆಲೆಗೆ ಕೊಂಡಿತು. ಕಾಳಿಗೆ ಏನೂ ದೊರೆಯಲಿಲ್ಲ, ಆ ಮಾತು ಬೇರೆ.

ಇನ್ನು ಕಾನೂನಿನ ಕಡೆಗೆ ಬರೋಣ. ನಾನು ವಕೀಲನಲ್ಲ, ಆದರೆ ಅಧಿನಿಯಮವೂ ಒಂದು ಗದ್ಯವೇ ಆದ್ದರಿಂದ ಓದಲು ಅಡ್ಡಿಯಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ ಕೃತಿಯ ಮೊದಲ ಒಡೆಯನು ಕರ್ತೃವೇ. ಅದಕ್ಕೆ ಕೆಲವು ಅಪವಾದಗಳುಂಟು. ಒಬ್ಬನ ಕೋರಿಕೆಯ ಮೇರೆಗೆ ಹಣ ಪಡೆದು ಛಾಯಾಚಿತ್ರ ತೆಗೆದರೆ, ವರ್ಣಚಿತ್ರವನ್ನಾಗಲಿ ಭಾವಚಿತ್ರವನ್ನಾಗಲಿ ಬರೆದರೆ, ಕೆತ್ತನೆಯಚ್ಚು ಇಲ್ಲವೆ ಚಲನಚಿತ್ರ ತಯಾರಿಸಿದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಹಣ ಕೊಟ್ಟವನೇ ಒಡೆಯ. ಈ ಪಟ್ಟಿಯನ್ನು ವಾಚಕರು ಇನ್ನೊಮ್ಮೆ ನೋಡಬೇಕು. ಇದರಲ್ಲಿ ರೇಖಾಚಿತ್ರವಿಲ್ಲ. ಶಾಸನಕಾರರು ಆ ಪದವನ್ನು ಅರಿಯದವರಲ್ಲ. ಅದೇ ಅಧಿನಿಯಮದ 2ನೆಯ ಪ್ರಕರಣದಲ್ಲಿ ಕಲಾಕೃತಿಯ ಲಕ್ಷಣ ಹೇಳುವಾಗ ವರ್ಣಚಿತ್ರ, ಶಿಲ್ಪ, ರೇಖಾಚಿತ್ರ ಎಂದು ಬೇರೆಬೇರೆಯಾಗಿಯೇ ಎಣಿಸಿದ್ದಾರೆ. ಅಂದಮೇಲೆ ಕೋರಿಕೆಯ ಮೇರೆಗೆ ಶಾಯಿಯಲ್ಲಿ ಬರೆದ ರೇಖಾಚಿತ್ರದ ಒಡೆತನ, ಬರೆದವನು ಸಹಿ ಹಾಕಿ ಬಿಟ್ಟುಕೊಡುವವರೆಗೆ ಅವನದೇ ಎಂಬುದು ನನ್ನ ಓದು. ನನ್ನ ಹುಡುಗನು ಕುಂಚದಿಂದ ಬಣ್ಣ ತುಂಬಿದ್ದರೆ ಚಿತ್ರ ಕಾಲೇಜಿನದಾಗುತ್ತಿತ್ತೇನೋ. ಬರಿಯ ಗೆರೆಯಲ್ಲಿ ನಿಲ್ಲಿಸಿದ್ದರಿಂದ ಅವನದಾಗಿ ಉಳಿಯಿತು. ಇಂಥ ಸೂಕ್ಷ್ಮವನ್ನು ನ್ಯಾಯಾಲಯ ಒಪ್ಪೀತೇ ಎಂಬುದು ಬೇರೆ ಪ್ರಶ್ನೆ. ಆದರೆ ಎರಡೂವರೆ ಸಾವಿರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವವರಾರು?

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಅಧಿನಿಯಮದ 15ನೆಯ ಪ್ರಕರಣ ಒಂದು ಗಂಡಿಯನ್ನು ತೆರೆದಿದೆ. ವಿನ್ಯಾಸವೆಂದು ನೋಂದಾಯಿಸಬಹುದಾದುದನ್ನು ನೋಂದಾಯಿಸದೆ, ಒಡೆಯನಾಗಲಿ ಅವನ ಅನುಮತಿ ಪಡೆದವನಾಗಲಿ ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಬಾರಿ ವಸ್ತುಗಳ ಮೇಲೆ ತಂದರೆ ಕೃತಿಸ್ವಾಮ್ಯವೇ ಅಳಿದುಹೋಗುತ್ತದೆ. ಕಾಲೇಜು ಹಾಕಿಸಿದ್ದು ನೂರು ಅಂಗಿ. ಐವತ್ತೊಂದನೆಯ ಅಂಗಿಯ ಶಾಯಿ ಒಣಗುವ ಹೊತ್ತಿಗೆ ಹುಡುಗನ ಹಕ್ಕು ಆರಿಹೋಯಿತೇ? ಹೌದೆನ್ನಲು ಆಧಾರವುಂಟು: ಮೇಲುಹಾಸಿನ ಬಟ್ಟೆಗೆಂದೇ ರಚಿಸಿದ ಹೂಬಳ್ಳಿಯ ಚಿತ್ರಗಳು ವಿನ್ಯಾಸಗಳೇ ಎಂದು 2009ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಮೈಕ್ರೋಫೈಬರ್ಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅಲ್ಲವೆನ್ನಲೂ ಆಧಾರವುಂಟು: 2000ದ ವಿನ್ಯಾಸ ಅಧಿನಿಯಮ ತನ್ನ ಲಕ್ಷಣದಿಂದಲೇ ಕಲಾಕೃತಿಯನ್ನು ಹೊರಗಿಟ್ಟಿದೆ. 2025ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ರಯೋಗ್ಯಾಸ್ ಮೊಕದ್ದಮೆಯಲ್ಲಿ ಈ ತೊಡಕನ್ನು ಬಿಡಿಸಲು ಯತ್ನಿಸಿ, ಕೃತಿ ಶುದ್ಧ ಕಲೆಯೇ ಅಥವಾ ಅದರಿಂದ ಹುಟ್ಟಿದ ವಿನ್ಯಾಸವೇ ಎಂಬುದನ್ನು ಆಯಾ ಸಂದರ್ಭಕ್ಕೆ ತಕ್ಕಂತೆ ನೋಡಬೇಕೆಂದಿತು. ಆ ವ್ಯಾಜ್ಯ ಅನಿಲ ಸಾಗಿಸುವ ವಾಹನಗಳ ನಕ್ಷೆಗಳದು. ನನ್ನ ಎಣಿಕೆಯಲ್ಲಿ ಯಕ್ಷಗಾನದ ಆ ಮುಖ ಹೂಬಳ್ಳಿಯ ಜಾತಿಯದಲ್ಲ. ಚೌಕಟ್ಟು ಹಾಕಿ ಗೋಡೆಗೆ ತೂಗಿದರೂ ಅದು ತಾನಾಗಿ ನಿಲ್ಲುತ್ತದೆ. ಆದರೆ ಈ ಭೇದವನ್ನು ಪ್ರತಿಯೊಬ್ಬ ಬಡ ಚಿತ್ರಕಾರನೂ ತನ್ನ ಖರ್ಚಿನಲ್ಲಿ ಸಾಧಿಸಿ ತೋರಿಸಬೇಕೆಂಬುದು ಯಾವ ನ್ಯಾಯ? ಐವತ್ತೆಂಬ ಅಂಕೆ ಈ ಕಸುಬಿನ ಮೇಲೆ ತೂಗುವ ಕತ್ತಿಯೇ ಸರಿ.

ಇದರ ನಡುವೆ ಹೊಸ ಪ್ರತಿಸ್ಪರ್ಧಿಯೊಂದು ಬಂದಿದೆ. 2022ರಿಂದೀಚೆಗೆ ಕೃತಕ ಬುದ್ಧಿಯ ಯಂತ್ರಗಳು ನಾಲ್ಕು ಮಾತು ಹೇಳಿದರೆ ಕ್ಷಣದಲ್ಲಿ ಚಿತ್ರ ಕೊಡುತ್ತವೆ. “ಯಂತ್ರ ಪುಕ್ಕಟೆ ಕೊಡುತ್ತದೆ, ನಿನಗೇಕೆ ಕೊಡಬೇಕು?” ಎಂಬ ಮಾತು ಚಿತ್ರಕಾರರ ಕಿವಿಗೆ ನಿತ್ಯ ಬೀಳುತ್ತಿದೆ. ಯಂತ್ರದ ವಿದ್ಯೆ ಎಲ್ಲಿಂದ ಬಂತೆಂದು ಕೇಳಿ ಅಮೆರಿಕದಲ್ಲಿ ಮೂವರು ಚಿತ್ರಕಾರರು 2023ರ ಜನವರಿಯಲ್ಲಿ ದಾವೆ ಹೂಡಿದರು. ನಮ್ಮ ಕೇಂದ್ರ ಸರ್ಕಾರದ ಸಮಿತಿಯೂ 2025ರ ಡಿಸೆಂಬರಿನಲ್ಲಿ ಹೊರಟ ತನ್ನ ಪತ್ರದಲ್ಲಿ, ಯಂತ್ರಗಳು ಕೃತಿಗಳನ್ನು ಬಳಸಲಿ, ಆದರೆ ಕರ್ತೃಗಳಿಗೆ ಸಂಭಾವನೆ ಸಲ್ಲಲಿ ಎಂಬ ಸಲಹೆ ಮಾಡಿದೆ. ಸಲಹೆಗೂ ಸಂದಾಯಕ್ಕೂ ನಡುವಿನ ದೂರ ನಮಗೆ ಹೊಸದಲ್ಲ. ಪುಕ್ಕಟೆಯ ಮಾತಾಡುವ ವ್ಯಾಪಾರಿಗೆ ಮಾತ್ರ ಒಂದು ಸಂಗತಿ ತಿಳಿದಿರಬೇಕು. 2025ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಯಂತ್ರವೇ ಏಕೈಕ ಕರ್ತೃವಾದ ಚಿತ್ರಕ್ಕೆ ಅಲ್ಲಿ ಕೃತಿಸ್ವಾಮ್ಯ ಸಲ್ಲದೆಂದು ಎತ್ತಿಹಿಡಿಯಿತು. ಅಂಥ ಚಿತ್ರವನ್ನು ಅಚ್ಚು ಹಾಕಿ ಅಲ್ಲಿ ಮಾರುವವನು, ನಾಳೆ ಪಕ್ಕದ ಅಂಗಡಿಯವನು ಅದನ್ನೇ ಮಾರಿದರೆ ಯಾವ ಬಾಯಿಂದ ಆಕ್ಷೇಪಿಸುತ್ತಾನೆ? ಕೈಬರಹದ ಚಿತ್ರಕ್ಕೆ ಕೊಟ್ಟ ಹಣದಲ್ಲಿ ಈ ಆಕ್ಷೇಪದ ಅಧಿಕಾರವೂ ಸೇರಿರಬಲ್ಲುದು. ಆದರೆ ಅದು ಬರವಣಿಗೆಯಲ್ಲಿ ಇರಬೇಕು.

ಬರವಣಿಗೆಯ ವಿಷಯದಲ್ಲಿ ಚಿತ್ರಕಾರರ ತಪ್ಪೂ ಉಂಟೆಂಬುದನ್ನು ಮುಚ್ಚಿಡಲಾರೆ. ಸ್ನೇಹದ ನಡುವೆ ಕಾಗದವೇಕೆ ಎಂಬ ಸಂಕೋಚ ನಮ್ಮ ಜನದ ರಕ್ತದಲ್ಲಿದೆ. ಆದರೆ ಹಕ್ಕಿನ ವರ್ಗಾವಣೆ ಸಹಿಯುಳ್ಳ ಬರಹದಲ್ಲೇ ಆಗತಕ್ಕದ್ದೆಂದು 19ನೆಯ ಪ್ರಕರಣ ವಿಧಿಸಿದೆ. ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತವಷ್ಟೇ ಎಂದೂ ಅಲ್ಲಿದೆ. ಎಲ್ಲವನ್ನೂ ಮಾರಿದ ಮೇಲೂ, ಇದು ನಾನು ಬರೆದದ್ದು ಎನ್ನುವ ಹಕ್ಕು 57ನೆಯ ಪ್ರಕರಣದಂತೆ ಕರ್ತೃವಿನಲ್ಲೇ ನಿಲ್ಲುತ್ತದೆ. ಇದು ಪಶ್ಚಿಮದಿಂದ ಬಂದ ಹೊಸ ಅಹಂಕಾರವೆಂದು ಮೂಗು ಮುರಿಯುವವರು ಒಮ್ಮೆ ಬೇಲೂರಿಗೆ ಹೋಗಿಬರಬೇಕು. ಅರಸನ ಕೋರಿಕೆಗೆ, ದೇವರ ಗುಡಿಗೆ ದುಡಿದ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಯರ ಪಾದದ ಬಳಿ ತಮ್ಮ ಹೆಸರುಗಳನ್ನು ಕೆತ್ತಿಯೇ ಹೋದರು. ವಿಷ್ಣುವರ್ಧನನ ಮಹಿಮೆಗೆ ಅದರಿಂದ ಕುಂದೇನೂ ಬರಲಿಲ್ಲ.

ಹೋದ ತಿಂಗಳು ಆ ಹುಡುಗ ಮನೆಗೆ ಬಂದ. ಒಂದು ನಾಟಕ ತಂಡದವರು ಅಂಗಿಗೆ ಚಿತ್ರ ಕೇಳಿದ್ದಾರಂತೆ. ಈ ಬಾರಿ ತಾನೇ ಒಪ್ಪಂದ ಬರೆದು ತಂದಿದ್ದ, ಕನ್ನಡವನ್ನು ತಿದ್ದಿಕೊಡಬೇಕೆಂದ. ಒಂದೇ ಹಾಳೆ. ಇನ್ನೂರು ಅಂಗಿ, ಎರಡು ವರ್ಷ, ಮುಗಿದ ಮೇಲೆ ಅಚ್ಚಿನ ಚೌಕಟ್ಟು ತೊಳೆಯತಕ್ಕದ್ದು, ಎರಡು ಬಣ್ಣಕ್ಕಿಂತ ಕಡಿಮೆ ಮಾಡಕೂಡದು. ನಾನು ಎರಡು ಕಾಗುಣಿತ ತಿದ್ದಿ, ಅಂಚಿನಲ್ಲಿ ಹೆಸರು ಅಚ್ಚಾಗತಕ್ಕದ್ದು ಎಂಬ ಸಾಲೊಂದನ್ನು ಸೇರಿಸಿದೆ. ಮೊಬಲಗು ಎಂಬ ಪದದ ಮುಂದೆ ಏನೂ ಬರೆದಿರಲಿಲ್ಲ. ಇದೇಕೆ ಖಾಲಿ ಎಂದೆ. “ಅದನ್ನು ಅವರೇ ಹೇಳಲಿ, ಸಾರ್,” ಎಂದು ತಲೆ ತಗ್ಗಿಸಿದ.