ಹೊಳೆ ನೀರಿನ ನಳದಲ್ಲಿ ಬೋರ್‌ವೆಲ್ ನೀರು ಬಿಡುವುದನ್ನು ನಿಲ್ಲಿಸುವ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಜಿಲ್ಲಾ ನೀರು ಮತ್ತು ನೈರ್ಮಲ್ಯ ಮಿಷನ್,
ಗದಗ ಜಿಲ್ಲೆ, ಗದಗ.

ಇವರಿಂದ,
ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ತಾಲ್ಲೂಕುಗಳ ಹಳ್ಳಿಗಳ ಹಾಗೂ ಅಲ್ಲಿಂದ ಬಂದು ಗದಗ–ಬೆಟಗೇರಿಯಲ್ಲಿ ದುಡಿಯುತ್ತಿರುವ ಫ್ಲೋರೋಸಿಸ್ ಬಾಧಿತ ಕುಟುಂಬಗಳು.

ವಿಷಯ: ಬಹುಗ್ರಾಮ ಯೋಜನೆಯ ನಳಗಳಲ್ಲಿ ಫ್ಲೋರೈಡ್‌ಯುಕ್ತ ಬೋರ್‌ವೆಲ್ ನೀರು ಬೆರೆಸುತ್ತಿರುವುದು, ಕೆಟ್ಟು ನಿಂತ ಶುದ್ಧ ನೀರಿನ ಘಟಕಗಳು ಹಾಗೂ ಬಾಧಿತರ ಚಿಕಿತ್ಸೆ, ಅಂಗವಿಕಲತೆ ಪ್ರಮಾಣಪತ್ರ ಮತ್ತು ಇತರೆ ಬೇಡಿಕೆಗಳು.

ಉಲ್ಲೇಖ: ಸಂಬಂಧಿಸಿದ ಕಚೇರಿಗಳಿಗೆ ಈ ಹಿಂದೆ ಸಲ್ಲಿಸಿದ ಮನವಿಗಳು (ಸ್ವೀಕೃತಿ ಮುದ್ರೆಯಿರುವ ಪ್ರತಿಗಳನ್ನು ಲಗತ್ತಿಸಿದೆ, ಉತ್ತರಗಳ ಪ್ರತಿ ಲಗತ್ತಿಸಿಲ್ಲ, ಉತ್ತರ ಬಂದಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಇದೆ ಎಂಬುದನ್ನು ಸಾಬೀತು ಮಾಡಲು ಈ ಪತ್ರ ಬರೆಯುತ್ತಿಲ್ಲ. ಅದು ಇಲಾಖೆಗೆ ನಮಗಿಂತ ಮೊದಲೇ ಗೊತ್ತು. ಗೊತ್ತಿದ್ದುದರಿಂದಲೇ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಹಳ್ಳಿಗೆ ತರುವ ಯೋಜನೆ ಆಯಿತು, ಆಮೇಲೆ ‘ಮನೆ ಮನೆಗೆ ಗಂಗೆ’ ಎಂದು ಪ್ರತಿ ಅಂಗಳದಲ್ಲೂ ನಳ ಕೂಡಿಸಲಾಯಿತು. ಅದಕ್ಕೆ ನಾವು ಕೃತಜ್ಞರು. ಆದರೆ ಹೊಳೆ ನೀರು ಬಾರದ ದಿನಗಳಲ್ಲಿ, ಬೇಸಿಗೆಯಲ್ಲಂತೂ ವಾರಗಟ್ಟಲೆ, ಅದೇ ಮೇಲ್ಮಟ್ಟದ ಟ್ಯಾಂಕಿಗೆ ಹಳೆಯ ಬೋರ್‌ವೆಲ್ ನೀರನ್ನು ಏರಿಸಿ ಅದೇ ನಳದಲ್ಲಿ ಬಿಡಲಾಗುತ್ತಿದೆ. ಯಾವ ದಿನ ಯಾವ ನೀರು ಬಂತೆಂದು ಡಂಗುರ ಸಾರುವವರಿಲ್ಲ, ಬರೆದಿಡುವವರಿಲ್ಲ. ಕೇಳಿದರೆ ವಾಟರ್‌ಮನ್ ಮೇಲಕ್ಕೆ ಕೈ ತೋರಿಸುತ್ತಾರೆ, ಮೇಲಿನವರು ಕರೆಂಟಿನ ಕಡೆ ತೋರಿಸುತ್ತಾರೆ.

ಇದರಿಂದ ಆಗಿರುವ ಹಾನಿ ಮೊದಲಿಗಿಂತ ಹೆಚ್ಚಿನದು ಎಂಬುದನ್ನು ತಾವು ದಯಮಾಡಿ ಗಮನಿಸಬೇಕು. ಯಾವ ಬೋರಿನ ನೀರು ಕುಡಿಯಬಾರದು ಎಂಬುದು ಹಿಂದೆ ಊರಿಗೆಲ್ಲ ತಿಳಿದಿತ್ತು. ಕೈಪಂಪಿಗೆ ಕೆಂಪು ಬಣ್ಣ ಬಳಿದರೆ ಮಕ್ಕಳೂ ಅತ್ತ ಸುಳಿಯುತ್ತಿರಲಿಲ್ಲ. ಈಗ ನಳಕ್ಕೆ ಯಾವ ಬಣ್ಣ ಬಳಿಯುವುದು? ಸೋಮವಾರ ಹೊಳೆ ನೀರು, ಗುರುವಾರ ಬೋರಿನ ನೀರು, ಎರಡೂ ಒಂದೇ ತೊಟ್ಟಿಯಲ್ಲಿ. ಸವಳಾಗಿದ್ದರೆ ನಾಲಿಗೆಯಾದರೂ ಎಚ್ಚರಿಸುತ್ತಿತ್ತು. ಫ್ಲೋರೈಡಿಗೆ ರುಚಿಯಿಲ್ಲ. ಬೇಳೆ ಚೆನ್ನಾಗಿ ಬೇಯಿಸುವ ಮೆದು ನೀರಿನಲ್ಲೇ ಅದು ಎಷ್ಟೋ ಸಲ ಹೆಚ್ಚಿರುತ್ತದೆ. ಕಾಯಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ‘ಕುದಿಸಿ ಆರಿಸಿ ಕುಡಿಯಿರಿ’ ಎಂದು ಗೋಡೆಯ ಮೇಲೆ ಬರೆಸಿದವರ ಕಾಳಜಿ ದೊಡ್ಡದು; ಈ ರೋಗಕ್ಕೆ ಮಾತ್ರ ಅದು ಮದ್ದಲ್ಲ.

ಬಿಐಎಸ್ 10500 ಮಾನಕದ ಪ್ರಕಾರ ಫ್ಲೋರೈಡಿನ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5 ಎಂಬುದು ತಮಗೆ ವಿವರಿಸಬೇಕಾದ ಸಂಗತಿಯಲ್ಲ. ಬೇರೆ ಮೂಲ ನಮಗುಂಟು, ಕೋಟಿಗಟ್ಟಲೆ ಖರ್ಚು ಮಾಡಿ ತಾವೇ ತಂದಿದ್ದೀರಿ. ಜಲ ಜೀವನ್ ಮಿಷನ್ ಮಾರ್ಗಸೂಚಿ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ ಮಾಡಬೇಕೆನ್ನುತ್ತದೆ. ಆ ಒಂದು ಮಾದರಿಯನ್ನು ಹೊಳೆ ನೀರು ಬಂದ ದಿನ ತೆಗೆದರೆ ವರದಿ ಶುದ್ಧವಾಗಿಯೇ ಬರುತ್ತದೆ. ನಾವು ಒಂದೇ ನಳದಿಂದ ಎರಡು ಬೇರೆ ದಿನ ಬಾಟಲಿ ತುಂಬಿ ಪರೀಕ್ಷೆ ಮಾಡಿಸಿದೆವು. ಒಂದು ವರದಿ ಮಿತಿಯೊಳಗಿದೆ, ಇನ್ನೊಂದು ಮಿತಿ ದಾಟಿದೆ. ಎರಡನ್ನೂ ಪಂಚರೊಂದಿಗೆ ತೆಗೆದ ಫೋಟೋಗಳ ಸಹಿತ ಅಡಕ 1ರಿಂದ 4ರಲ್ಲಿ ಇಟ್ಟಿದ್ದೇವೆ. ಬೋರ್‌ವೆಲ್ ಪೈಪು ಟ್ಯಾಂಕಿಗೆ ಕೂಡುವ ಜಾಗದ ಚಿತ್ರ ಅಡಕ 5. ಬೋರ್‌ವೆಲ್ ಮೋಟಾರಿನ ವಿದ್ಯುತ್ ಬಿಲ್ಲುಗಳು ಅಡಕ 6. ಹೊಳೆ ನೀರೇ ಸಾಕಾಗಿದ್ದರೆ ಆ ಮೋಟಾರು ಯಾರಿಗಾಗಿ ಓಡಿತು ಎಂಬುದನ್ನು ಬಿಲ್ಲು ನೋಡಿದವರು ಹೇಳಲಿ.

ಇನ್ನು ರೋಗದ ವಿಷಯ. 1937ರಲ್ಲೇ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ, ಈ ಕಾಯಿಲೆ ವೈದ್ಯಕೀಯ ದಾಖಲೆಗೆ ಬಂದಿದೆ. ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಹಳದಿ, ಕಂದು ಗೆರೆ. ವರ್ಷಾನುಗಟ್ಟಲೆ ಕುಡಿದರೆ ಎಲುಬಿಗೆ, ಕೀಲಿಗೆ. ಫ್ಲೋರೈಡ್ ಅಲ್ಲಿ ಕೂಡಿದ ಮೇಲೆ ಹಿಂದಕ್ಕೆ ತರುವ ಔಷಧವಿಲ್ಲ. ಶಿಬಿರವೊಂದರಲ್ಲಿ ನಮ್ಮವರಿಗೆ ಮೂರು ಕೆಲಸ ಹೇಳಿದರು: ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಿರಿ, ಗದ್ದವನ್ನು ಎದೆಗೆ ತಾಗಿಸಿರಿ, ಎರಡೂ ಕೈ ತಲೆಯ ಹಿಂದೆ ಒಯ್ಯಿರಿ. ಮುಂಡರಗಿ ತಾಲ್ಲೂಕಿನ ನಮ್ಮ ಸದಸ್ಯೆಯೊಬ್ಬರ ಬೆರಳು ಮೊಣಕಾಲಿಗೇ ನಿಂತಿತು. ಹಿಂದೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಉಳ್ಳಾಗಡ್ಡಿ ಕೀಳುತ್ತಿದ್ದವರು ಈಗ ರಾಶಿಯ ಪಕ್ಕ ಕಾಲು ಚಾಚಿ ಕೂತು ತಪ್ಪಲು ಕೊಯ್ಯುತ್ತಾರೆ. ಕೀಳುವವರ ಕೂಲಿ ಬೇರೆ, ಕೂತು ಕೊಯ್ಯುವವರ ಕೂಲಿ ಬೇರೆ. “ಬಗ್ಗಾಕ ಆಗಂಗಿಲ್ರಿ, ಕುಂತ್ರ ಏಳಾಕ ಆಗಂಗಿಲ್ರಿ. ಸೂಜಿ ಮಾಡಿಸ್ಕೊಂಡ್ರ ನಾಕ ದಿನಾ ನಡೀತೈತಿ” ಎನ್ನುತ್ತಾರೆ. ನಾಕು ದಿನ ನಡೆಯಲು ತೆಗೆದುಕೊಂಡ ನೋವಿನ ಸೂಜಿ, ಗುಳಿಗೆ ಹೊಟ್ಟೆಯನ್ನೂ ಕಿಡ್ನಿಯನ್ನೂ ಕೆಡಿಸುತ್ತದೆಂದು ವೈದ್ಯರೇ ಹೇಳುತ್ತಾರೆ. ಶೇಂಗಾ, ಹತ್ತಿ, ಮೆಣಸಿನಕಾಯಿ, ನಮ್ಮ ಭಾಗದ ಯಾವ ಬೆಳೆಯಲ್ಲಿ ಬಗ್ಗದೆ ಕೂಲಿ ಸಿಗುತ್ತದೆ? ಉದ್ಯೋಗ ಖಾತ್ರಿಯಲ್ಲೂ ಮಣ್ಣಿನ ಅಳತೆಗೆ ತಕ್ಕಂತೆ ಹಣ.

ಖರ್ಚನ್ನೂ ಲೆಕ್ಕ ಹಾಕಿದ್ದೇವೆ. ಜಲ ಜೀವನ್ ಮಿಷನ್ ಮಾರ್ಗಸೂಚಿ ಬಾಧಿತ ಜನವಸತಿಗೆ ಸುರಕ್ಷಿತ ನಳದ ನೀರು ಬರುವವರೆಗೆ ದಿನಕ್ಕೆ ತಲಾ 8ರಿಂದ 10 ಲೀಟರ್ ಶುದ್ಧ ನೀರು ಕೊಡಬೇಕೆನ್ನುತ್ತದೆ. ಐದು ಜನರ ಮನೆಗೆ ಕಡಿಮೆಯೆಂದರೂ ದಿನಕ್ಕೆ 40 ಲೀಟರ್, ಅಂದರೆ ಎರಡು ಕ್ಯಾನ್. ಶುದ್ಧ ನೀರಿನ ಘಟಕದಲ್ಲಿ ಕ್ಯಾನಿಗೆ 5 ರೂಪಾಯಿಯಂತೆ ತಿಂಗಳಿಗೆ 300 ರೂಪಾಯಿ. ಇದು ಘಟಕ ನಡೆಯುತ್ತಿದ್ದಾಗಿನ ಮಾತು. ಮೆಂಬ್ರೇನ್ ಕೆಟ್ಟು ಬೀಗ ಬಿದ್ದರೆ ಪಕ್ಕದ ಊರಿಗೆ ಬೈಕ್, ಪೆಟ್ರೋಲು, ಒಬ್ಬರ ಅರ್ಧ ದಿನ. ಬೈಕ್ ಇಲ್ಲದವರು ನಳದ ನೀರನ್ನೇ ಕುಡಿಯುತ್ತಾರೆ, ಸೊಂಟ ಹಿಡಿಯುವುದೂ ಅವರಿಗೇ. ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ದಾಖಲಾದರೆ ಮಾತ್ರ ಉಪಯೋಗ. ಹೊರರೋಗಿಯಾಗಿ ಕೊಳ್ಳುವ ಗುಳಿಗೆಗೆ, ಹುಬ್ಬಳ್ಳಿಯ ಬಸ್ಸಿಗೆ ಅದು ಬರುವುದಿಲ್ಲ. ಹೆಣ್ಣು ನೋಡಲು ಬಂದವರು ನಗಲು ಹೇಳಿ ಹಲ್ಲು ನೋಡಿ ಎದ್ದು ಹೋಗುವುದನ್ನು ಯಾವ ಬಾಬ್ತಿನಲ್ಲಿ ಬರೆಯುವುದೋ ನಮಗೆ ತಿಳಿಯಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಹೊಳೆ ನೀರಿನ ಟ್ಯಾಂಕಿಗೆ ಕೂಡಿಸಿರುವ ಬೋರ್‌ವೆಲ್ ಪೈಪುಗಳನ್ನು 30 ದಿನಗಳೊಳಗೆ ಕತ್ತರಿಸಿ ಬೇರ್ಪಡಿಸಬೇಕು. ಬಳಕೆಯ ನೀರಿಗೆ ಬೋರ್ ಬೇಕೇ ಬೇಕೆಂದಾದರೆ ಪ್ರತ್ಯೇಕ ತೊಟ್ಟಿ, ಪ್ರತ್ಯೇಕ ನಳ, ಅದಕ್ಕೆ ಕೆಂಪು ಬಣ್ಣ. ಪ್ರತಿ ಟ್ಯಾಂಕಿನಲ್ಲೂ ಯಾವ ದಿನ ಯಾವ ಮೂಲದ ನೀರು ಏರಿತೆಂಬ ವಹಿ ಇಟ್ಟು, ಗ್ರಾಮಸಭೆಯಲ್ಲಿ ಓದಬೇಕು. ಮಾದರಿ ತೆಗೆಯುವ ದಿನವನ್ನು ಮುಂಚಿತವಾಗಿ ತಿಳಿಸದೆ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ಊರಿನವರ ಎದುರು ತೆಗೆಯಬೇಕು.

2. ಶುದ್ಧ ನೀರಿನ ಘಟಕಗಳನ್ನು ದುರಸ್ತಿ ಮಾಡಿಸಬೇಕು. ರಾಜ್ಯಕ್ಕೆಲ್ಲ ಈ ಘಟಕಗಳನ್ನು ಹರಡಿದ ಅಂದಿನ ಗ್ರಾಮೀಣಾಭಿವೃದ್ಧಿ ಸಚಿವ ಎಚ್.ಕೆ. ಪಾಟೀಲರು ಈ ಜಿಲ್ಲೆಯವರೇ ಎಂಬುದನ್ನು ನೆನಪಿಸಲು ಸಂಕೋಚವಾಗುತ್ತದೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯಿತಿ ಅನುದಾನದಲ್ಲಿ ಶೇ 30ರಷ್ಟನ್ನು ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆಂದೇ ಕಟ್ಟಿಟ್ಟಿದ್ದು ತಮಗೆ ತಿಳಿದದ್ದೇ. ನಿರ್ವಹಣೆಯನ್ನು ಹೊರಗಿನ ಗುತ್ತಿಗೆದಾರರಿಗೆ ಕೊಡದೆ ಸ್ಥಳೀಯ ಐಟಿಐ ಪಾಸಾದ ಯುವಕರಿಗೆ, ಅದರಲ್ಲೂ ಈ ಮನವಿಗೆ ಸಹಿ ಮಾಡಿದ ಕುಟುಂಬದವರಿಗೆ ವಹಿಸಬೇಕು.

3. 2008–09ರಿಂದ ಇರುವ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದಡಿ ಮನೆಮನೆ ಸಮೀಕ್ಷೆ ಮಾಡಿಸಬೇಕು, ಗದಗದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ವಾರಕ್ಕೊಂದು ದಿನ ಫ್ಲೋರೋಸಿಸ್ ಹೊರರೋಗಿ ವಿಭಾಗ ನಿಗದಿ ಮಾಡಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಫ್ಲೋರೋಸಿಸ್ ಹೆಸರಿಲ್ಲ ಎಂದು ನಮ್ಮವರನ್ನು ಅಂಗವಿಕಲತೆ ಪ್ರಮಾಣಪತ್ರ ಕೊಡದೆ ವಾಪಸು ಕಳಿಸುವುದು ನಿಲ್ಲಬೇಕು. ಚಲನ ವೈಕಲ್ಯ ಆ ಪಟ್ಟಿಯಲ್ಲಿದೆ. ಶೇ 40ರ ವೈಕಲ್ಯದ ಅಳತೆಗೆ ಬೆನ್ನು, ಕುತ್ತಿಗೆಯ ಬಿಗಿತವನ್ನೂ ಪರಿಗಣಿಸುವಂತೆ ವೈದ್ಯಕೀಯ ಮಂಡಳಿಗೆ ಸೂಚನೆ ಹೋಗಬೇಕು.

4. ಅಂಗನವಾಡಿ, ಶಾಲೆಗಳ ಅಡುಗೆಗೆ ಶುದ್ಧ ನೀರು.

5. ಎತ್ತು, ಆಕಳುಗಳೂ ಕುಂಟುತ್ತಿವೆ. ಪಶು ವೈದ್ಯರ ಶಿಬಿರ.

6. ತಾತ್ಕಾಲಿಕ ಪೂರೈಕೆಗೆ ಸ್ಥಳೀಯ ಟ್ರ್ಯಾಕ್ಟರ್ ಟ್ಯಾಂಕರ್‌ಗಳನ್ನೇ ಬಳಸಬೇಕು. ಹಿಂದಿನ ಬರಗಾಲದಲ್ಲಿ ನೀರು ಸಾಗಿಸಿದ ನಮ್ಮ ಇಬ್ಬರು ಸದಸ್ಯರ ಬಾಕಿ ಬಿಲ್ಲನ್ನು ಈ ಸಂದರ್ಭದಲ್ಲೇ ಮಂಜೂರು ಮಾಡಬೇಕು.

7. ಘಟಕಕ್ಕೆ ಉಚಿತವಾಗಿ ಜಾಗ ಬಿಟ್ಟುಕೊಟ್ಟ ಹಿರಿಯ ಸದಸ್ಯರ ಹೊಲಕ್ಕೆ ಹೋಗುವ ದಾರಿಗೆ ಗರಸು ಹಾಕಿಸಬೇಕು. ಘಟಕದ ತ್ಯಾಜ್ಯ ನೀರು ಹರಿದು ಆ ದಾರಿ ಕೆಟ್ಟಿದೆ.

ಮೊದಲ ಬೇಡಿಕೆ ಈಡೇರುವವರೆಗೆ ನೀರಿನ ಕರ ಕಟ್ಟದಿರಲು ನಮ್ಮ ಊರುಗಳು ತೀರ್ಮಾನಿಸಿವೆ. ಬಾಕಿ ನೋಟಿಸು ಕಳಿಸುವಾಗ ಆ ತಿಂಗಳು ಯಾವ ನೀರು ಎಷ್ಟು ದಿನ ಬಿಟ್ಟಿರಿ ಎಂಬ ವಿವರವನ್ನೂ ನೋಟಿಸಿನಲ್ಲಿ ನಮೂದಿಸಬೇಕಾಗಿ ಕೋರುತ್ತೇವೆ.

ಸ್ಥಳ: ಗದಗ
ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆಗಳನ್ನು ಲಗತ್ತಿಸಿದೆ)

ಅಡಕಗಳು: 1ರಿಂದ 6 ಮೇಲೆ ಹೇಳಿದಂತೆ, 7. ಹಿಂದಿನ ಮನವಿಗಳ ಪ್ರತಿ, 8. ಟ್ಯಾಂಕರ್ ಬಿಲ್ಲುಗಳು. 4 ಮತ್ತು 5ನೇ ಬೇಡಿಕೆಗಳಿಗೆ ದಾಖಲೆಗಳನ್ನು ನಂತರ ಸಲ್ಲಿಸಲಾಗುವುದು.

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ತಹಶೀಲ್ದಾರರು, ಪತ್ರಿಕೆಗಳಿಗೆ.

ವಿ.ಸೂ.: ಸ್ವೀಕೃತಿ ಪ್ರತಿಯನ್ನು ಈ ಪತ್ರ ತಂದವರ ಕೈಗೆ ಇಂದೇ ಕೊಡಬೇಕಾಗಿ ವಿನಂತಿ. ಅವರಲ್ಲಿ ಇಬ್ಬರಿಗೆ ಮೆಟ್ಟಿಲು ಮತ್ತೊಮ್ಮೆ ಹತ್ತಲು ಆಗುವುದಿಲ್ಲ.